ಸಮುದ್ರಕ್ಕೆ ತೂಬಿಲ್ಲ

ಆ ಡಿಸೆಂಬರಿನಲ್ಲಿ ನಾನೆಷ್ಟು ದಣಿದಿದ್ದೆನೆಂದರೆ, ಸಮುದ್ರದ ಕಡೆ ನಾಲ್ಕು ದಿನ ಹೋಗಿಬರೋಣ ಎಂದು ಗಂಡ ಹೇಳಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಮರಳು ಮೆತ್ತಿದ ಬಟ್ಟೆಗಳ ರಾಶಿ. ಅದನ್ನು ಒಗೆಯುವವರು ಯಾರು? ನಾನು ನ್ಯಾಮತಿಯಲ್ಲಿ ಪ್ರೌಢಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರಮ್ಮ. ದಸರಾ ರಜೆ ಪೂರ್ತಿ ಗೋವಿನಕೋವಿ ಕಡೆಯ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆಗೆ ಹೋಗಿತ್ತು. ನೆಟ್‌ವರ್ಕ್ ಸಿಗದೆ ಕಂಡವರ ಮಾಳಿಗೆ ಹತ್ತಿ ಮೊಬೈಲು ಮೇಲೆತ್ತಿ ನಿಂತು ನಿಂತು ತೋಳು ಸೋತಿತ್ತು. ಅದು ಮುಗಿಯುವಷ್ಟರಲ್ಲಿ ಪರೀಕ್ಷೆ, ಅದರ ಬೆನ್ನಿಗೆ ಉತ್ತರಪತ್ರಿಕೆ. ನಿದ್ದೆ ಮಾಡಿ ಎದ್ದರೂ ನಿದ್ದೆ ಮಾಡದವಳ ಹಾಗೆ ಇರುತ್ತಿದ್ದೆ.

ಇಷ್ಟು ಸಾಲದೆಂಬಂತೆ ಸೂಳೆಕೆರೆಯ ದಡದ ನಮ್ಮ ಊರಿನಿಂದ ಇಬ್ಬರು ಹಿರಿಯರು ಒಂದು ಭಾನುವಾರ ಮನೆಗೆ ಬಂದರು. ಟೀ ಕುಡಿದರು, ಮಕ್ಕಳ ಓದು ಕೇಳಿದರು, ಬಿಸಿಲು ಜಾಸ್ತಿ ಎಂದರು. ಆಮೇಲೆ ಒಬ್ಬರು ಟವೆಲಿನಿಂದ ಬಾಯಿ ಒರೆಸಿಕೊಂಡು ಶುರುಮಾಡಿದರು.

"ನಿಮ್ಮಪ್ಪಂಗೆ ನೀನೇ ಒಂದು ಮಾತು ಹೇಳ್ಬೇಕವ್ವ. ನಮ್ಗೆ ಹೇಳಾಕೆ ಬಾಯಿ ಬರವಲ್ದು."

ನನ್ನಪ್ಪ ನೀರುಗಂಟಿ. ಕೆರೆಯ ತೂಬಿನಿಂದ ಬಿಟ್ಟ ನೀರು ನಮ್ಮೂರ ಕಾಲುವೆಗೆ ಬಂದ ಮೇಲೆ ಯಾರ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ಎಂದು ಹಂಚುವುದು ಅವನ ಕೆಲಸ. ತಾತನೂ ಅದನ್ನೇ ಮಾಡುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಇಷ್ಟು ಭತ್ತ ಅಂತ ಅಳೆದುಕೊಡುತ್ತಾರೆ. ಭತ್ತಕ್ಕಿಂತ ಅಪ್ಪನಿಗೆ ಮುಖ್ಯವಾಗಿದ್ದು ಇನ್ನೊಂದು. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಅವನು ಕಾಲುವೆ ಏರಿಯ ಮೇಲೆ ಬಂದರೆ ಜಗಳ ಆಡುತ್ತಿದ್ದವರು ಬಾಯಿ ಮುಚ್ಚುತ್ತಿದ್ದರು. ಅವನ ಲೆಕ್ಕಕ್ಕೆ ಮೇಲಿನ ಮಾತಿರಲಿಲ್ಲ. ನೀರಿನ ಸದ್ದು ಕೇಳಿಯೇ ಮೇಲ್ಗಡೆ ಯಾರೋ ಮಡೆ ಒಡೆದು ತಮ್ಮ ಗದ್ದೆಗೆ ನೀರು ತಿರುಗಿಸಿಕೊಂಡಿದ್ದಾರೆ ಎಂದು ಹೇಳಿಬಿಡುತ್ತಿದ್ದ.

ಆದರೆ ಆ ಮಳೆಗಾಲದ ಬೆಳೆಯಲ್ಲಿ ಎರಡು ಸಂಗತಿ ನಡೆದಿದ್ದವು. ಕಾಲುವೆಯ ಕೊನೆಗಿರುವ ಬಾಲದ ಗದ್ದೆಗಳ ಸರದಿಯನ್ನು ಅಪ್ಪ ಮರೆತು, ಅಲ್ಲಿನ ಪೈರು ಬಾಡಿತ್ತು. ಅಕ್ಟೋಬರಿನಲ್ಲಿ ಒಂದು ಸಂಜೆ ಕಾಲು ಜಾರಿ ತುಂಬಿದ ಕಾಲುವೆಗೆ ಬಿದ್ದು, ಮೋರಿಯತನಕ ಕೊಚ್ಚಿಕೊಂಡು ಹೋಗಿದ್ದ. ಎತ್ತು ತೊಳೆಯುತ್ತಿದ್ದವರು ಎಳೆದು ಹಾಕದಿದ್ದರೆ ನನಗೆ ಅಪ್ಪ ಇರುತ್ತಿರಲಿಲ್ಲ. ಇಷ್ಟಾದರೂ ಅವನು ಮಾರನೆಯ ದಿನ ಸಲಿಕೆ ಹಿಡಿದು ಹೊರಟಿದ್ದ.

"ಮುಂದಿನ ಬೆಳಿಗೆ ಬ್ಯಾರೆ ಯಾರ್ನಾರ ಇಟ್ಕಂತೀವಿ. ಭತ್ತ ಏನ್ ನಿಲ್ಸಲ್ಲ, ಮನಿಗೇ ಕೊಡ್ತೀವಿ. ಆದ್ರೆ ಅವ್ರೇ ಬಿಡ್ತೀನಿ ಅನ್ಬೇಕು. ನಾವ್ ಬಿಡಿಸ್ದಂಗೆ ಆಗಬಾರ್ದು," ಎಂದರು ಇನ್ನೊಬ್ಬರು.

ಹೇಳುತ್ತೇನೆ ಎಂದೆ. ಹೇಳುವುದೇ ಸರಿ ಎಂದೂ ನನಗೆ ಅನಿಸಿತ್ತು. ಆದರೆ ಫೋನಿನಲ್ಲಿ ಹೇಳುವ ಮಾತಲ್ಲ, ಊರಿನಲ್ಲಿ ಹೇಳಿದರೆ ಗೋಡೆಗೂ ಕಿವಿ. ಇದನ್ನು ಗಂಡನ ಹತ್ತಿರ ತೋಡಿಕೊಂಡಾಗಲೇ ಅವರು ಪ್ರವಾಸದ ಮಾತು ತೆಗೆದದ್ದು. ಇವರು ಜಗಳೂರು ಕಡೆಯವರು. ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಹುಡುಕುತ್ತಾ ಬೆಳೆದವರು, ಈಗಲೂ ಕೊರಳಲ್ಲಿ ದುರ್ಬೀನು ಹಾಕಿಕೊಂಡರೆ ಹೆಂಡತಿ ಮಕ್ಕಳು ಮರೆತುಹೋಗುತ್ತಾರೆ.

"ಕಾಲುವೆ ನೀರು ನಿಂತೈತೆ, ಮಾವನೋರೂ ಬಿಡುವಾಗವ್ರೆ. ಕರ್ಕಂಡು ಹೋಗಾನ. ಒಂದಿಷ್ಟು ನಡೆಯಾದು, ಹಕ್ಕಿ ಪ್ರಾಣಿ ನೋಡಾದು. ಆರಾಮಾಗಿದ್ದಾಗ ನೀನು ಹೇಳು," ಎಂದರು.

ಹೀಗೆ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಒಂದು ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ನಾನು ಸಮುದ್ರದ ಕಡೆ ಹೊರಟೆ.

ಅಪ್ಪ ಬೆಳಗಿನ ಬಸ್ಸಿಗೇ ನ್ಯಾಮತಿಗೆ ಬಂದಿದ್ದ. ಬಿಳಿ ಪಂಚೆ, ಹೊಸ ಟವೆಲು, ಒಂದು ಕೈಚೀಲ. ಸಮುದ್ರವನ್ನು ಅವನು ನೋಡಿರಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಕೂತು ದಾರಿಯ ಎರಡೂ ಕಡೆಯ ಕೆರೆಗಳನ್ನೆಲ್ಲ ತನಿಖೆ ಮಾಡುತ್ತಾ ಬಂದ. ಇದಕ್ಕೆ ಹೂಳು ತುಂಬೈತೆ, ಇದರ ಕೋಡಿ ಎತ್ತರ ಆತು, ಇದನ್ನ ಕಟ್ಟಿದೋನಿಗೆ ತಲೆ ಇಲ್ಲ. ಶಿವಮೊಗ್ಗ ದಾಟಿ ಸಾಗರ ಬರುವ ತನಕ ಇದೇ ನಡೆಯಿತು. ಹಿಂದಿನ ಸೀಟಿನಲ್ಲಿ ನಾನು ಅವನ ಹಿಂದಲೆಯನ್ನು ನೋಡುತ್ತಾ, ಈಗ ಹೇಳಲಾ, ಟೀ ಕುಡಿದಾದ ಮೇಲೆ ಹೇಳಲಾ ಎಂದುಕೊಳ್ಳುತ್ತಾ ಇದ್ದೆ. ಟೀ ಕುಡಿದಾಯಿತು. ಅವನು ಬನ್ನು ಅದ್ದಿಕೊಂಡು ತಿನ್ನುವಾಗ ಅಷ್ಟು ಖುಷಿಯಾಗಿದ್ದ. ನಾಳೆ ಎಂದುಕೊಂಡೆ.

ಗೇರುಸೊಪ್ಪೆಯ ಘಾಟಿಯ ಒಂದು ತಿರುವಿನಲ್ಲಿ ಇವರು ಗಕ್ಕನೆ ಕಾರು ನಿಲ್ಲಿಸಿ ಪಿಸುಗುಟ್ಟಿದರು. ಮರದ ಮೇಲೆ ಸಿಂಗಳೀಕಗಳ ಗುಂಪು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಒಂದು ತಾಯಿ ಹಲಸಿನ ಎಳೆಗಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿತ್ತು. ಇವರು ಉಸಿರು ಬಿಗಿಹಿಡಿದು ದುರ್ಬೀನನ್ನು ಮಾವನ ಕೈಗೆ ಕೊಟ್ಟರು. ಅಪ್ಪ ಅದನ್ನು ತಿರುಗಾಮುರುಗ ಹಿಡಿದು, ಆಮೇಲೆ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ.

"ಹೆಂಗೈತೆ ಮಾವ?"

"ನಮ್ಮ ಏರಿ ಮ್ಯಾಲಿನ ಮಂಗ್ಯಾನೇ ಗಡ್ಡ ಬಿಟ್ಟಂಗೈತೆ. ಇದ್ನ ನೋಡಾಕೆ ಇಷ್ಟು ದೂರ ಬಂದ್ವೇನ್ರೀ ಅಳಿಯಂದ್ರೆ?"

ಇವರ ಮುಖ ನೋಡಬೇಕಿತ್ತು. ನಾನು ತುಂಬ ದಿನಗಳ ಮೇಲೆ ನಕ್ಕೆ. ನಕ್ಕಾದ ಮೇಲೆ ಬಾಯಲ್ಲಿದ್ದ ವಾಕ್ಯ ಇನ್ನಷ್ಟು ಭಾರವಾಯಿತು.

ಮಾರನೆಯ ಬೆಳಿಗ್ಗೆ ಹೊನ್ನಾವರದ ಕಾಂಡ್ಲಾ ಕಾಡಿಗೆ ಹೋದೆವು. ನದಿ ಸಮುದ್ರ ಸೇರುವ ಕಡೆ ಕೆಸರಿನಲ್ಲಿ ಬೇರು ಹೊರಗೆ ಚಾಚಿಕೊಂಡು ನಿಂತ ಗಿಡಗಳು, ಅವುಗಳ ನಡುವೆ ಓಡಾಡಲು ಹಲಗೆಯ ಕಾಲುದಾರಿ. ಕೆಳಗೆ ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳು, ಒಂದು ಕೊಂಡಿ ಮಾತ್ರ ದೊಡ್ಡದಿರುವ ಏಡಿಗಳು. ಇವರು ಮೊಣಕಾಲೂರಿ ಏಡಿಗಳ ಫೋಟೋ ತೆಗೆಯುತ್ತಿದ್ದರು. ಅಪ್ಪ ಏಡಿ ನೋಡಲಿಲ್ಲ. ಗಿಡಗಳ ಕಾಂಡದಲ್ಲಿ ಎದೆಯೆತ್ತರಕ್ಕೆ ಇದ್ದ ಒದ್ದೆ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಇಲ್ಲೀಗಂಟ ನೀರು ನಿಂತಿತ್ತು. ಈಗ ತಳ ಕಾಣ್ತೈತೆ. ರಾತ್ರಿ ಬಿಟ್ಟು ಬೆಳಿಗ್ಗೆ ಕಟ್ಟಿದ್ರೇನೋ ಅಲ್ವಾ ಮಗಾ? ಮ್ಯಾಲೆ ಡ್ಯಾಮ್ ಐತಲ್ಲ."

ಉಬ್ಬರವಿಳಿತವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಸೂರ್ಯ, ಚಂದ್ರ, ಭೂಮಿ, ಮೂರು ಉಂಡೆ ಬರೆದು ಬಾಣ ಎಳೆಯುತ್ತೇನೆ. ಎರಡು ಅಂಕದ ಪ್ರಶ್ನೆ. ಅಪ್ಪನಿಗೆ ಅಲ್ಲಿಯೇ ನಿಂತು ಹೇಳಬಹುದಿತ್ತು. ಆದರೆ ಪಾಠ ಹೇಳಿ ಹೇಳಿ ಸಾಕಾಗಿ ಬಂದವಳಿಗೆ ಬಾಯಿ ತೆರೆಯುವುದೇ ಬೇಡವಾಗಿತ್ತು. ಕಾಲು ನೋಯುತ್ತಿತ್ತು, ಸೆಕೆಗೆ ರವಿಕೆ ಬೆನ್ನಿಗೆ ಅಂಟಿತ್ತು.

"ಹೂಂನಪ್ಪ, ಇರ್ಬೋದು," ಎಂದುಬಿಟ್ಟೆ.

ಮೂರನೆಯ ದಿನ ಕುಮಟಾ ದಾಟಿ, ದಡದುದ್ದಕ್ಕೂ ನಡೆಯುವ ದಾರಿ ಹಿಡಿದೆವು. ಒಂದು ಮರಳ ದಂಡೆ, ಆಮೇಲೆ ಸಮುದ್ರಕ್ಕೆ ಮೂಗು ಚಾಚಿದ ಗುಡ್ಡ, ಅದನ್ನು ಹತ್ತಿ ಇಳಿದರೆ ಇನ್ನೊಂದು ದಂಡೆ. ಅಪ್ಪ ಪಂಚೆ ಎತ್ತಿ ಕಟ್ಟಿ ನಮಗಿಂತ ಮುಂದೆ. ಜೀವಮಾನವೆಲ್ಲ ಕಾಲುವೆ ಏರಿ ತುಳಿದ ಕಾಲುಗಳು ಅವು. ನಾನು ಗುಡ್ಡದ ಅರ್ಧಕ್ಕೇ ಕಲ್ಲಿನ ಮೇಲೆ ಕುಸಿದು, ಏದುಸಿರು ಬಿಡುತ್ತಾ, ಕೆಲಸ ಬಿಡಬೇಕಾದವರು ಈ ಮೂವರಲ್ಲಿ ಯಾರು ಎಂದು ಯೋಚಿಸಿದೆ.

ಎರಡನೆಯ ಗುಡ್ಡದ ಹತ್ತಿರ ಬಂದಾಗ ಇವರಿಗೆ ಆಕಾಶದಲ್ಲಿ ಬಿಳಿ ಹೊಟ್ಟೆಯ ದೊಡ್ಡ ಹದ್ದು ಕಂಡಿತು. ಕಡಲ ಹದ್ದಂತೆ. ಅದು ಗುಡ್ಡದ ಆಚೆ ಬದಿಗೆ ಇಳಿಯಿತು, ಗೂಡು ಅಲ್ಲೇ ಇರಬೇಕು ಎಂದು ಇವರು ಕುಣಿದರು. ಗುಡ್ಡ ಹತ್ತುವುದೆಂದರೆ ನನ್ನಿಂದಾಗದು ಎಂದೆ. ಆಗ ಗುಡ್ಡದ ಬುಡದಲ್ಲಿ, ನೀರಿನಂಚಿಗೆ, ಬಂಡೆಗಳ ಸಾಲು ಕಂಡಿತು. ಒಣಗಿ ನಿಂತಿದ್ದ ಬಂಡೆಗಳು. ಅವುಗಳ ಮೇಲೆ ಕಾಲಿಟ್ಟು ಸುತ್ತಿಕೊಂಡು ಹೋದರೆ ಆಚೆ ಒಂದು ಪುಟ್ಟ ದಂಡೆ. ಹತ್ತುವ ಗೋಜೇ ಇಲ್ಲ.

"ನೀರು ಬರಲ್ವಾ ಇಲ್ಲಿಗೆ?" ಎಂದು ಇವರು ಅನುಮಾನ ಪಟ್ಟರು. ಒಣಭೂಮಿಯವರಿಗೆ ನೀರೆಂದರೆ ಸ್ವಲ್ಪ ಹೆದರಿಕೆ ಇದ್ದೇ ಇರುತ್ತದೆ.

"ತಡೀರಿ, ನೋಡ್ತೀನಿ," ಎಂದ ಅಪ್ಪ.

ಕೆರೆಯಲ್ಲಿ ಮಾಡುವುದನ್ನೇ ಅವನು ಅಲ್ಲಿಯೂ ಮಾಡಿದ. ಅಲೆ ಎಲ್ಲಿಯವರೆಗೆ ಬಂದು ಹಿಂದೆ ಹೋಗುತ್ತದೋ ಅಲ್ಲಿ ಮುಷ್ಟಿಯಷ್ಟು ಕಲ್ಲೊಂದನ್ನು ಇಟ್ಟ. ಕುಕ್ಕರಗಾಲಿನಲ್ಲಿ ಕೂತು ಚೀಲದಿಂದ ಎಲೆ ಅಡಿಕೆ ತೆಗೆದು, ಸುಣ್ಣ ಹಚ್ಚಿ, ನಿಧಾನವಾಗಿ ಅಗಿದ. ಒಂದು ಬಾಯಿ ಎಲೆ ಅಡಿಕೆ ಮುಗಿಯುವಷ್ಟು ಹೊತ್ತಿನಲ್ಲಿ ಕಲ್ಲಿನ ಹತ್ತಿರ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದರ ಮೇಲೆ ಅವನ ಲೆಕ್ಕ. ತಾತನಿಂದ ಬಂದ ಲೆಕ್ಕ ಅದು, ನಮ್ಮ ಕೆರೆಯಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ. ಅಲೆಗಳು ಬಂದವು, ಹೋದವು. ಕಲ್ಲು ದಾಟಲೂ ಇಲ್ಲ, ಕಲ್ಲು ಬಿಟ್ಟು ಹಿಂದೆ ಸರಿಯಲೂ ಇಲ್ಲ. ಅಪ್ಪ ಎದ್ದು ಪಕ್ಕಕ್ಕೆ ಉಗಿದು ಕೈ ಒರೆಸಿಕೊಂಡ.

"ನೀರು ನಿಂತೈತೆ. ಇದು ಬರಾದೂ ಇಲ್ಲ, ಹೋಗಾದೂ ಇಲ್ಲ. ನಡೀರಿ."

"ನೀರಿನ ಇಚಾರ ಮಾವನೋರಿಗೆ ಬಿಟ್ಟಿದ್ದು," ಎಂದು ಇವರು ಹೊರಟರು. ನಾನೂ ಹೊರಟೆ. ಇಳಿತ ಮುಗಿದು ಉಬ್ಬರ ಶುರುವಾಗುವ ಮುಂಚೆ ಸಮುದ್ರ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತದೆ ಎಂಬುದು ನಾನೇ ಮಕ್ಕಳಿಗೆ ಬರೆಸಿದ ನೋಟ್ಸಿನಲ್ಲಿದೆ. ಅದು ನನ್ನ ತಲೆಗೆ ಬರಲಿಲ್ಲ. ಬೋರ್ಡಿನ ಮೇಲಿನ ಉಬ್ಬರಕ್ಕೂ ಕಾಲ ಕೆಳಗಿನ ಬಂಡೆಗೂ ಸಂಬಂಧವಿದೆಯೆಂದು ಆ ಕ್ಷಣ ನನಗೆ ಹೊಳೆಯಲೇ ಇಲ್ಲ. ಅಪ್ಪ ನೀರು ನಿಂತಿದೆ ಎಂದರೆ ನನಗೆ ಹುಟ್ಟಿದಾಗಿನಿಂದ ನೀರು ನಿಂತಿದೆ ಎಂದೇ ಅರ್ಥ.

ಆಚೆ ದಂಡೆಯಲ್ಲಿ ಕಳೆದ ಹೊತ್ತು ಆ ಪ್ರವಾಸದಲ್ಲೇ ಚಂದದ್ದು, ಅದನ್ನು ಅಲ್ಲಗಳೆಯಲಾರೆ. ಗೂಡು ಸಿಕ್ಕಿತು, ಗುಡ್ಡದ ಮೇಲಿನ ಮರದಲ್ಲಿ, ಒಂದು ಹೊರೆ ಸೌದೆಯಷ್ಟು ದೊಡ್ಡದು. ಹದ್ದು ಉಗುರಿನಲ್ಲಿ ಮೀನು ಹಿಡಿದು ಬಂದಾಗ ಗೂಡಿನೊಳಗಿನ ಮರಿ ಕೂಗಿಕೊಂಡಿತು. ದೂರದಲ್ಲಿ ಡಾಲ್ಫಿನ್‌ಗಳ ಕಪ್ಪು ಬೆನ್ನು ಎರಡು ಸಲ ಎದ್ದು ಮುಳುಗಿತು. ಅಪ್ಪ ಈ ಸಲ ಗೇಲಿ ಮಾಡಲಿಲ್ಲ, ಬಾಯಿ ಬಿಟ್ಟುಕೊಂಡು ನೋಡಿದ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಇವರು ಟೋಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದರು. ಅಪ್ಪ ನನ್ನ ಪಕ್ಕ ಕೂತಿದ್ದ.

ಈಗ, ಎಂದುಕೊಂಡೆ. ಮೆತ್ತಗೆ ಹೇಳಬೇಕು. ಅಪ್ಪ, ನೀನು ಇಷ್ಟು ವರ್ಷ ಮಾಡಿದೆ, ಇನ್ನು ಸುಧಾರಿಸಿಕೋ, ನಮ್ಮ ಜೊತೆ ಹೀಗೆ ಊರೂರು ಸುತ್ತು ಎಂದು. ಅಷ್ಟರಲ್ಲಿ ಅವನೇ ಮಾತಾಡಿದ.

"ಸಂಕ್ರಾಂತಿ ಕಳೆದ್ರೆ ಬೇಸಿಗೆ ಬೆಳಿಗೆ ನೀರು ಬಿಡ್ತಾರೆ. ಬಾಲದ ಗದ್ದಿಯೋರಿಗೆ ಈ ಸಲ ನಾನು ಅನ್ಯಾಯ ಮಾಡ್ದೆ ಮಗಾ. ಮೊದ್ಲ ಸರದಿ ಅವ್ರಿಗೇ ಕೊಡ್ಬೇಕು ಅಂತ ಮಾಡೀನಿ."

ಉಳಿದ ರೊಟ್ಟಿಯನ್ನು ಬುತ್ತಿಗೆ ಕಟ್ಟಿಟ್ಟೆ. ಹಾಗೆಯೇ ಕಣ್ಣೆಳೆದು ಮರಳಿನ ಮೇಲೆ ಒರಗಿದೆ. ಎಚ್ಚರವಾದದ್ದು ಕಾಲಿಗೆ ನೀರು ತಾಕಿದಾಗ.

ದಂಡೆ ಅರ್ಧಕ್ಕರ್ಧ ಇಲ್ಲ. ಬಂಡೆಗಳ ಸಾಲು ಇದ್ದ ಕಡೆ ನೊರೆ ಕುದಿಯುತ್ತಿದೆ. ಅಪ್ಪನಿಗೂ ಜೊಂಪು ಹತ್ತಿತ್ತೇನೋ, ಈಗ ಎದ್ದು ನೀರಿನಂಚಿನಲ್ಲಿ ನಿಂತಿದ್ದ. ಅವನ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ತಬ್ಬಿಬ್ಬು.

"ಯಾರು ಬಿಟ್ರು ನೀರ್ನ?" ಎಂದ. "ಮಳಿ ಇಲ್ಲ, ಏನಿಲ್ಲ. ಯಾರು ತೂಬು ಎತ್ತಿದ್ರು?"

"ಇದಕ್ಕೆ ತೂಬಿಲ್ಲ ಮಾವ," ಎಂದರು ಇವರು.

ಬಂಡೆಗಳ ಮೇಲೆಯೇ ಹೋಗಿಬಿಡೋಣ ಎಂದು ಅಪ್ಪ ಇಳಿದ. ನಾನು ಅವನ ತೋಳು ಹಿಡಿದುಕೊಂಡು ಇಳಿದೆ. ನಾಲ್ಕು ಹೆಜ್ಜೆಗೆ ಸೊಂಟದತನಕ ನೀರು, ಮುಂದಿನ ಅಲೆ ಇಬ್ಬರನ್ನೂ ಬಂಡೆಗೆ ಬಡಿಯಿತು. ಅಪ್ಪನ ಕಾಲು ತಪ್ಪಿತು. ಒಂದು ಕ್ಷಣ ಅವನ ತಲೆ ನೀರೊಳಗೆ ಹೋಯಿತು. ಅವನ ತೋಳು ನನ್ನ ಕೈಯಲ್ಲೇ ಇತ್ತು, ಇವರು ಹಿಂದಿನಿಂದ ನನ್ನ ಸೀರೆ ಹಿಡಿದು ಎಳೆದರು. ಆಗ ಮೇಲಿನಿಂದ ಕೂಗು ಕೇಳಿತು. ಬುಟ್ಟಿ ಹೊತ್ತ ಹೆಂಗಸು, ಬಂಡೆಗಳಲ್ಲಿ ಚಿಪ್ಪು ಹೆಕ್ಕಿ ಮನೆಗೆ ಹೊರಟವಳು, ಗುಡ್ಡದ ಮೇಲೆ ನಿಂತಿದ್ದಳು.

"ಹೋಯ್! ನೀರು ಏರೂ ಹೊತ್ತಲ್ಲಿ ಅಲ್ಲಿ ಎಂತ ಮಾಡ್ತ್ರಿ? ಸಾಯೂಕೆ ಬಂದದ್ದಾ? ಮ್ಯಾಲೆ ಬನ್ನಿ, ಆ ಪೊದೆ ಬದಿಗೆ ದಾರಿ ಅದೆ!"

ಪೊದೆಯ ಪಕ್ಕ ಆಡು ಹೋಗುವಂಥ ದಾರಿಯೊಂದಿತ್ತು. ಕೈಕಾಲು ಊರಿ ಹತ್ತಿದೆವು. ಮೇಲೆ ಬಂದಾಗ ನನ್ನ ಮೊಣಕೈ ಕಿತ್ತು ರಕ್ತ ಬರುತ್ತಿತ್ತು, ಅಪ್ಪನ ಟವೆಲು ಸಮುದ್ರಕ್ಕೆ ಹೋಗಿತ್ತು. ಆ ಹೆಂಗಸು ಬೈದಳು. ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ ಇದು, ಇಷ್ಟು ದೊಡ್ಡವರಿಗೆ ಗೊತ್ತಾಗಬಾರದಾ ಎಂದಳು. ಅಪ್ಪ ಒದ್ದೆ ಪಂಚೆಯಲ್ಲಿ ಅವಳ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಅವನು ಯಾರ ಮುಂದೆಯೂ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ನನಗೆ ಭಯವಾಗಿತ್ತು. ಮೈಯೆಲ್ಲ ನೋವು, ತಿಂಗಳುಗಳ ದಣಿವು. ಮೂರು ದಿನದಿಂದ ನುಂಗಿ ನುಂಗಿ ಇಟ್ಟುಕೊಂಡಿದ್ದ ಮಾತು ಅಲ್ಲಿ, ಆ ಪರಸ್ಥಳದ ಹೆಂಗಸಿನ ಎದುರಿಗೆ, ಅಳಿಯನ ಎದುರಿಗೆ ಹೊರಗೆ ಬಿತ್ತು.

"ನಿನಗೆ ಇನ್ನು ನೀರು ಗೊತ್ತಾಗಲ್ಲಪ್ಪ. ಕಾಲುವ್ಯಾಗೂ ಬಿದ್ದಿ, ಇಲ್ಲೂ ಬಿದ್ದಿ. ನಮ್ಮನ್ನೂ ಸಾಯಿಸ್ತಿದ್ದಿ. ಊರೋರೆಲ್ಲ ನಿನ್ನ ಬಿಡಿಸ್ಬೇಕು ಅಂತ ನಮ್ಮನಿಗೆ ಬಂದಿದ್ರು. ಬಿಟ್ಟುಬಿಡು ಸಾಕು."

ಇವರು ನನ್ನ ಹೆಸರು ಹಿಡಿದು ಗದರಿದರು. ಚಿಪ್ಪಿನ ಹೆಂಗಸು ಮುಖ ತಿರುಗಿಸಿ ಬುಟ್ಟಿ ಸರಿಮಾಡಿಕೊಂಡಳು. ಅಪ್ಪ ನನ್ನ ಮುಖ ನೋಡಿದ, ಆಮೇಲೆ ಕೆಳಗಿನ ನೀರು ನೋಡಿದ.

"ಆತು ಬಿಡು," ಎಂದ.

ವಾಪಸು ಬರುವಾಗ ಅವನು ಹಿಂದಿನ ಸೀಟು ಕೇಳಿ ಕೂತ. ದಾರಿಯಲ್ಲಿ ಎಷ್ಟು ಕೆರೆ ಬಂದವೋ, ಒಂದರ ಬಗ್ಗೆಯೂ ಮಾತಿಲ್ಲ. ಸಂಕ್ರಾಂತಿಗೆ ಮುಂಚೆಯೇ ಊರಿನ ಹಿರಿಯರು ಫೋನು ಮಾಡಿ, ನಿಮ್ಮಪ್ಪ ತಾವೇ ಬಂದು ಬಿಡ್ತೀನಿ ಅಂದ್ರು, ಮರ್ಯಾದಿಯಿಂದ ಆತು, ನಿನ್ನ ಉಪಕಾರ ಮರೆಯಲ್ಲ ಎಂದರು. ಬೇರೆಯವರನ್ನು ಇಟ್ಟುಕೊಂಡರು. ನನಗೆ ಸಮಾಧಾನವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಫೋನು ಹೊಡೆದುಕೊಂಡರೆ ಎದೆ ಧಸಕ್ಕೆನ್ನುವುದು ನಿಂತಿತು. ಅವನು ಕೆಲಸ ಬಿಟ್ಟದ್ದು ತಪ್ಪು ಎಂದು ಈಗಲೂ ನನಗೆ ಅನಿಸುವುದಿಲ್ಲ. ಮರೆವಿಗೆ, ಜಾರುವ ಕಾಲಿಗೆ ಬಿಡಿಸಬಹುದಿತ್ತು. ನಾನು ಬಿಡಿಸಿದ್ದು ಅವನಿಗೆ ನೀರು ತಿಳಿಯುವುದಿಲ್ಲ ಎಂದು. ಅದು ಸುಳ್ಳು. ತಿಳಿಯದ ನೀರು ಸಮುದ್ರದ್ದು, ಅದನ್ನು ತಿಳಿಸಬೇಕಾಗಿದ್ದವಳು ನಾನು.

ಒಮ್ಮೆ ಫೋನಿನಲ್ಲಿ ಇದನ್ನು ಹೇಳಲು ಹೋದೆ. "ಅಪ್ಪ, ಸಮುದ್ರ ಬ್ಯಾರೆ, ಕೆರೆ ಬ್ಯಾರೆ. ಅವತ್ತು ತಪ್ಪು ನಂದು," ಎಂದೆ.

"ನೀರು ಅಂದ್ರೆ ನೀರೇ ಅಲ್ವೇನವ್ವ," ಎಂದು ಅವನು ಬೇರೆ ಮಾತು ತೆಗೆದ.

ಮುಂದಿನ ಶ್ರಾವಣದಲ್ಲಿ ಊರಿಗೆ ಹೋಗಿದ್ದೆ. ಮಳೆ ಬಿಟ್ಟು ಹೊಳವಾಗಿತ್ತು. ಸಂಜೆ ಇಬ್ಬರೂ ಕೆರೆ ಏರಿಯ ಮೇಲೆ ನಡೆದು ಹೋದೆವು. ಅಲ್ಲಿ ನಾಲ್ಕೈದು ಜನ ರೈತರು ನಿಂತು ವಾದ ಮಾಡುತ್ತಿದ್ದರು. ಕೆರೆಗೆ ಇನ್ನೂ ನೀರು ಬರುತ್ತಿದೆ ಎಂದು ಕೆಲವರು, ನಿಂತು ಇಳಿಯತೊಡಗಿದೆ ಎಂದು ಉಳಿದವರು. ನಾಟಿ ಮುಂದಕ್ಕೆ ಹಾಕುವುದೋ ಬೇಡವೋ ಎಂಬುದು ಅದರ ಮೇಲೆ ನಿಂತಿತ್ತು. ಅಪ್ಪನನ್ನು ಕಂಡದ್ದೇ ಅವರ ಮುಖ ಬೆಳಗಿತು.

"ಬರ್ರಿ ಯಜಮಾನ್ರೇ, ನೀವೇ ಹೇಳಿಬಿಡ್ರಿ. ಕೆರೆ ಏರ್ತಾ ಐತೋ, ಇಳೀತಾ ಐತೋ?"

ಅಪ್ಪ ಕೆರೆಯ ಕಡೆ ಒಂದು ಗಳಿಗೆ ನೋಡಿದ.

"ನಂಗೆ ಗೊತ್ತಾಗಲ್ರಪ್ಪ. ನನ್ನ ಮಗಳ್ನ ಕೇಳ್ರಿ, ಓದಿದಾಕಿ," ಎಂದ.

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೆರೆ ನೋಡಿದೆ. ಕಣ್ಣು ಹಾಯುವತನಕ ನೀರು, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನನಗೆ ಒಂದಿಷ್ಟೂ ಗೊತ್ತಾಗಲಿಲ್ಲ. ಗೊತ್ತಿಲ್ಲ ಎನ್ನಲೂ ಆಗಲಿಲ್ಲ.

"ಏರ್ತಾ ಐತೆ," ಎಂದೆ.

ಇಳಿಯುತ್ತಿತ್ತು. ಎರಡು ದಿನಕ್ಕೆ ಎಲ್ಲರಿಗೂ ತಿಳಿಯಿತು. ಅಪ್ಪನಿಗೆ ಏರಿಯ ಮೇಲೆ ನಿಂತಾಗಲೇ ತಿಳಿದಿತ್ತು. ಆದರೂ ಅವನು ನನ್ನ ಮಾತಿಗೆ ಹೂಂ ಎಂದು ತಲೆಯಾಡಿಸಿದ.